ಆಸಿಡ್ ಬಾಟ್ಲಿ ಎತ್ತೋ ಮುಂಚೆ ಮೀಟರ್ ನೋಡಿ

ಹೋದ ಸಂಚಿಕೇಲಿ ತಾರಸಿ ಮೇಲೆ ಮಣ್ಣಿಲ್ದೆ, ಗೊಬ್ಬರ ಕಲಸಿದ ನೀರಲ್ಲೇ ಸೊಪ್ಪು ಬೆಳೆಯೋದರ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಪ್ರಶ್ನೆಗಳಲ್ಲಿ ಗೊಬ್ಬರದ್ದು, ಬೀಜದ್ದು ಕಮ್ಮಿ, ಪಿಎಚ್ ಮೀಟರ್‌ದೇ ಜಾಸ್ತಿ. ಹಂಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ. ಹೊಸಬರಿಗೆ ಒಂದು ಮಾತು: ಪಿಎಚ್ ಅಂದ್ರೆ ನೀರಿನ ಹುಳಿಯ ಅಳತೆ, ನಂಬರ್ ಇಳಿದಷ್ಟೂ ಹುಳಿ ಜಾಸ್ತಿ. ಬಫರ್ ಅಂದ್ರೆ ಪಿಎಚ್ ಎಷ್ಟು ಅಂತ ಮೊದ್ಲೇ ಗೊತ್ತಿರೋ ದ್ರಾವಣ, ಮೀಟರನ್ನ ಅದ್ರಲ್ಲಿ ಅದ್ದಿ ಸೆಟ್ ಮಾಡ್ತಾರೆ. ಒಂದೇ ಥರದ ಪ್ರಶ್ನೆಗಳನ್ನ ಸೇರಿಸಿ ಒಂದು ಮಾಡಿದೀನಿ.

ಮೈಸೂರಿನ ಓದುಗರು ಕೇಳಿದ್ದು: ಮೇಡಂ, ಪೆನ್ ಥರದ ಪಿಎಚ್ ಮೀಟರ್ ತಗೊಂಡು ಎಂಟು ತಿಂಗಳಾಯ್ತು. ತಿಂಗಳಿಗೊಂದ್ಸಲ 7ರ ಬಫರ್‌ಗೆ ಅದ್ದಿ ಸೆಟ್ ಮಾಡ್ತೀನಿ, ತಪ್ಪಿಸಿಲ್ಲ. ಟ್ಯಾಂಕ್ ನೀರು ಯಾವಾಗ್ಲೂ 5.8 ತೋರಿಸತ್ತೆ. ಆದ್ರೂ ಲೆಟಿಸ್ ಬೆಳೀತಿಲ್ಲ, ಎಳೆ ಎಲೆ ತುದಿ ಸುಟ್ಟಂಗಾಗಿದೆ, ಬೇರು ಕಂದು ಬಣ್ಣ. ಗೊಬ್ಬರ ಬದಲಾಯಿಸ್ಲಾ?

ಗೊಬ್ಬರ ಬದಲಾಯಿಸ್ಬೇಡಿ, ಇವತ್ತು ಸಂಜೆ ಒಂದು ಕೆಲ್ಸ ಮಾಡಿ. ಮೀಟರನ್ನ ಸೆಟ್ ಮಾಡ್ದೇನೆ, ಹಂಗೇ 4ರ ಬಫರ್‌ಗೆ ಅದ್ದಿ ಎಷ್ಟು ತೋರಿಸತ್ತೆ ನೋಡಿ. ಯಾಕೆ ಹೇಳ್ತಿದೀನಿ ಅಂದ್ರೆ ನಂಗೂ ಇದೇ ಆಗಿತ್ತು. ನಾಲ್ಕು ಪೈಪ್ ತುಂಬ ಲೆಟಿಸ್ ಇತ್ತು, ಹೆಚ್ಚುಕಮ್ಮಿ ನೂರು ಗಿಡ, ಮೀಟರ್ ದಿನಾ 5.8 ಅಂತಿತ್ತು, ಗಿಡ ಮಾತ್ರ ಒಂದೊಂದೇ ಸೊರಗ್ತಾ ಬಂತು, ನಾನು ಕ್ಯಾಲ್ಸಿಯಂ ಕಮ್ಮಿಯಾಗಿದೆ ಅಂತ ಅದನ್ನ ಹಾಕ್ದೆ, ಬಿಸಿಲು ಜಾಸ್ತಿ ಅಂತ ಶೇಡ್‌ನೆಟ್ ಕಟ್ಟಿದೆ, ಕೊನೆಗೆ ಒಂದಿನ ಕಪಾಟಲ್ಲಿದ್ದ 4ರ ಬಫರ್ ಲೋಟಕ್ಕೆ ಬಗ್ಗಿಸಿ ಅದ್ದಿದ್ರೆ ಮೀಟರ್ 5.2 ಅಂತ ತೋರಿಸ್ತು. ಬಫರ್ ಹಾಳಾಗಿದೆ ಅಂದ್ಕೊಂಡು ಹೊಸ ಪ್ಯಾಕೆಟ್ ಒಡೆದು ಕಲಸಿದೆ. ಮತ್ತೆ 5.2. ಲೋಟ ಹಿಡ್ಕೊಂಡು ಅಲ್ಲೇ ಕೂತುಬಿಟ್ಟೆ.

ಏನಾಗಿತ್ತು ಹೇಳ್ತೀನಿ ಕೇಳಿ. ಮೀಟರ್ ತುದೀಲಿರೋ ಗಾಜಿನ ಬಲ್ಬು ಪಿಎಚ್ ಬದಲಾದ ಹಾಗೆ ಚಿಕ್ಕದೊಂದು ವೋಲ್ಟೇಜ್ ಕೊಡತ್ತೆ. ಪಿಎಚ್ 7ರಲ್ಲಿ ಸುಮಾರು ಸೊನ್ನೆ, ಅಲ್ಲಿಂದ ಒಂದು ಪಿಎಚ್ ಆಚೀಚೆ ಆದ್ರೆ 25 ಡಿಗ್ರಿ ಶಾಖದಲ್ಲಿ 59 ಮಿಲಿವೋಲ್ಟ್. ಇದು ಹೊಸ ಬಲ್ಬಿನ ಲೆಕ್ಕ. ಬಲ್ಬು ಹಳೇದಾದ್ರೆ, ಒಣಗಿದ್ರೆ, ಮೇಲೆ ಗೊಬ್ಬರದ ಪೊರೆ ಕೂತ್ರೆ ಆ 59 ಇಳೀತಾ ಬರತ್ತೆ. ಒಂದು ಪಿಎಚ್‌ಗೆ ಇಷ್ಟು ಮಿಲಿವೋಲ್ಟ್ ಅನ್ನೋ ಈ ಲೆಕ್ಕಕ್ಕೇ ಸ್ಲೋಪ್ ಅನ್ನೋದು. ಈಗ ನೋಡಿ, 7ರಲ್ಲಿ ಹೆಂಗೂ ಸೊನ್ನೆ ತಾನೆ, ಸೊನ್ನೇಲಿ ಅರ್ಧ ತಗೊಂಡ್ರೂ ಸೊನ್ನೆನೇ, ಅಂದ್ಮೇಲೆ ಸಾಯ್ತಾ ಇರೋ ಬಲ್ಬು ಕೂಡ 7ರ ಬಫರಲ್ಲಿ ನೆಟ್ಟಗೆ 7 ಅಂತ ತೋರಿಸತ್ತೆ. ನನ್ನ ಮೀಟರಿನ ಸ್ಲೋಪ್ ನೂರಕ್ಕೆ 60ಕ್ಕೆ ಇಳಿದಿತ್ತು. ಅಂದ್ರೆ ಅದು 5.8 ಅಂದಾಗ ನೀರು ನಿಜವಾಗಿ 5.0 ಇತ್ತು. ನೀರಿನ ಪಿಎಚ್ ಸ್ವಲ್ಪ ಏರಿದಾಗೆಲ್ಲ ನಾನು ಆಸಿಡ್ ಹಾಕಿ ಮೀಟರಲ್ಲಿ 5.8 ಬರೋ ತನಕ ಇಳಿಸ್ತಿದ್ದೆ, ಅಂದ್ರೆ ಗಿಡನ ನಾನೇ ಹುಳಿಗೆ ನೂಕ್ತಿದ್ದೆ. ಪಿಎಚ್ ಅಳತೇಲಿ ಒಂದು ಮೆಟ್ಟಿಲು ಇಳಿದ್ರೆ ಹುಳಿ ಹತ್ತು ಪಟ್ಟು ಏರೋದು, 5.8ಕ್ಕೂ 5.0ಕ್ಕೂ ಹುಳಿ ಆರು ಪಟ್ಟು ವ್ಯತ್ಯಾಸ. ನೀರು ಅಷ್ಟು ಹುಳಿಯಾದ್ರೆ ಬೇರು ಕ್ಯಾಲ್ಸಿಯಂ, ಮೆಗ್ನೀಸಿಯಂ ಸರಿಯಾಗಿ ಎಳ್ಕೊಳಲ್ಲ, ಟ್ಯಾಂಕಲ್ಲಿ ಎಷ್ಟೇ ಇರ್ಲಿ.

ಲೆಟಿಸ್ ತುದಿ ಸುಡೋದಕ್ಕೆ ಸೆಕೆ, ಗಾಳಿ ಆಡ್ದೇ ಇರೋದೂ ಕಾರಣ ಆಗತ್ತೆ, ಅದನ್ನೂ ನೋಡಿ. ಆದ್ರೆ ಮೊದ್ಲು ಮೀಟರ್. ನಿಮ್ದು ಎಂಟು ತಿಂಗಳು 7ರಲ್ಲಿ ಮಾತ್ರ ಸೆಟ್ ಆಗಿದೆ, ಅದು ಅರ್ಧ ಪರೀಕ್ಷೆ ಅಷ್ಟೇ. ನಮಗೆ ಬೇಕಿರೋದು 5.5ರಿಂದ 6.5, ಅದು 7ಕ್ಕೂ 4ಕ್ಕೂ ಮಧ್ಯೆ ಬರೋದ್ರಿಂದ ಎರಡೂ ಕಡೆ ಗೂಟ ಹೊಡೀಲೇಬೇಕು. ಜೊತೆಗೆ ಬಣ್ಣ ಬದಲಾಗೋ ಡ್ರಾಪ್ ಟೆಸ್ಟ್ ಕಿಟ್ ಒಂದು ಮನೇಲಿಟ್ಕೊಳಿ, ಅಕ್ವೇರಿಯಂ ಅಂಗಡೀಲಿ ಕೇಳುವಾಗ 5, 6ನ್ನೂ ತೋರಿಸೋದು ಬೇಕು ಅಂತ ಹೇಳಿ, ಕೆಲವು 6ಕ್ಕಿಂತ ಕೆಳಗೆ ತೋರಿಸಲ್ಲ. ಪಾಯಿಂಟ್ ಲೆಕ್ಕ ಕೊಡಲ್ಲ, ಆದ್ರೆ ಮೀಟರ್ ಒಂದು ಇಡೀ ಪಿಎಚ್ ಸುಳ್ಳು ಹೇಳ್ತಿದ್ರೆ ಬಣ್ಣದಲ್ಲಿ ಗೊತ್ತಾಗೋಗತ್ತೆ.

ತುಮಕೂರಿನಿಂದ: ಮೀಟರ್ ಜೊತೆ ಮೂರು ಪುಡಿ ಪ್ಯಾಕೆಟ್ ಬಂದಿದೆ, 4.01, 6.86, 9.18 ಅಂತ. ಎಲ್ರೂ 7, 4 ಅಂತಾರೆ, ಇದ್ರಲ್ಲಿ 7 ಇಲ್ವಲ್ಲ? ಕ್ಯಾಲಿಬ್ರೇಶನ್, ಅಂದ್ರೆ ಮೀಟರ್ ಸೆಟ್ ಮಾಡೋದು, ಹೆಂಗೆ ಅಂತ ಮೊದ್ಲಿಂದ ಹೇಳಿ.

ಬಫರಲ್ಲಿ ಎರಡು ಕುಲ ಇದೆ. 4.01, 7.00, 10.01 ಒಂದು, 4.01, 6.86, 9.18 ಇನ್ನೊಂದು. ಎರಡೂ ಸರಿಯೇ, ಬೆರೆಸ್ಬಾರ್ದು ಅಷ್ಟೇ. ಮೀಟರ್ ತಾನಾಗೇ ಬಫರ್ ಗುರ್ತು ಹಿಡಿಯೋ ಥರದ್ದಾದ್ರೆ ಅದು ಯಾವ ಕುಲ ಅಂತ ಕಾಗದದಲ್ಲಿ ಓದಿ. 7.00 ನಿರೀಕ್ಷೆ ಮಾಡೋ ಮೀಟರ್‌ಗೆ 6.86 ಕೊಟ್ರೆ ಅಲ್ಲೇ 0.14 ತಪ್ಪು ಕೂತ್ಕೊಳತ್ತೆ.

ಪುಡೀನ ಪ್ಯಾಕೆಟ್ ಮೇಲೆ ಬರೆದಷ್ಟೇ ಡಿಸ್ಟಿಲ್ಡ್ ವಾಟರಲ್ಲಿ ಕರಗಿಸ್ಬೇಕು, ಸಾಮಾನ್ಯವಾಗಿ 250 ಎಂಎಲ್. ಯುಪಿಎಸ್ ಬ್ಯಾಟರಿಗೆ ಹಾಕೋ ನೀರು ಆಗತ್ತೆ, ಆದ್ರೆ ಅದು ಬರೀ ನೀರೇನಾ ಬ್ಯಾಟರಿ ಆಸಿಡ್ಡಾ ಅಂತ ಬಾಟ್ಲಿ ನೋಡಿ ತಗೊಳಿ. ಪ್ಯಾಕೆಟ್ ಒಳಗೆ ಮೂಲೇಲಿ ಪುಡಿ ಅಂಟ್ಕೊಂಡಿರತ್ತೆ, ಅದೇ ನೀರಲ್ಲಿ ಪ್ಯಾಕೆಟ್ ತೊಳೆದು ಸೇರಿಸಿ. ಬಾಟ್ಲಿ ಮೇಲೆ ಕಲಸಿದ ತಾರೀಕು ಬರೀರಿ.

ಈಗ ಎರಡು ಚಿಕ್ಕ ಗಾಜಿನ ಲೋಟಕ್ಕೆ ಬಲ್ಬು ಮುಳುಗೋವಷ್ಟು 6.86, 4.01 ಬಗ್ಗಿಸ್ಕೊಳಿ. ಮೀಟರ್, ಬಫರ್ ಎರಡೂ ಒಂದೇ ಕಡೆ ಅರ್ಧ ಗಂಟೆ ಇಟ್ಟಿರ್ಬೇಕು, ಬಿಸಿಲಲ್ಲಿದ್ದ ಮೀಟರನ್ನ ಫ್ರಿಜ್ಜಿಂದ ತೆಗೆದ ಬಫರ್‌ಗೆ ಅದ್ಬೇಡಿ. ಸೆಟ್ ಮಾಡೋ ಮುಂಚೆ ಎರಡ್ರಲ್ಲೂ ಅದ್ದಿ ಎಷ್ಟು ತೋರಿಸ್ತು ಅಂತ ಪುಸ್ತಕದಲ್ಲಿ ಬರೀರಿ, ಯಾಕಂದ್ರೆ ಸೆಟ್ ಬಟನ್ ಒತ್ತಿದ ಮೇಲೆ ಹಳೇ ತಪ್ಪೆಲ್ಲ ಅಳಿಸೋಗತ್ತೆ, ಎಷ್ಟು ದಾರಿ ತಪ್ಪಿತ್ತು ಅನ್ನೋದೇ ಗೊತ್ತಾಗಲ್ಲ. ನಮ್ಮನೇ ಟ್ಯಾಂಕ್ ಪಕ್ಕದ ಮೊಳೇಲಿ ಒಂದು ಪುಸ್ತಕ ದಾರ ಕಟ್ಟಿ ನೇತುಹಾಕಿದೀನಿ, ಅದ್ರಲ್ಲಿ ಬರೀ ಮೂರು ಕಾಲಂ, ತಾರೀಕು, 7ರಲ್ಲಿ ಎಷ್ಟು, 4ರಲ್ಲಿ ಎಷ್ಟು.

ಆಮೇಲೆ ಮೊದ್ಲು 6.86ರಲ್ಲಿ ಅದ್ದಿ, ಒಂದೆರಡು ಸಲ ಮೆತ್ತಗೆ ಅಲ್ಲಾಡಿಸಿ, ನಂಬರ್ ನಿಲ್ಲೋ ತನಕ ಕಾಯ್ರಿ, ಒಂದು ನಿಮಿಷ ಬೇಕಾಗ್ಬೋದು, ಅವಸರ ಬೇಡ. ಸೆಟ್ ಮಾಡಿ. ಡಿಸ್ಟಿಲ್ಡ್ ವಾಟರಲ್ಲಿ ಜಾಲಿಸಿ, ಹನಿ ಟಿಶ್ಯೂಗೆ ತಾಗಿಸಿ ಇಂಗಿಸಿ. ಒರೆಸ್ಬೇಡಿ. ಗಾಜನ್ನ ಉಜ್ಜಿದ್ರೆ ಸ್ಟ್ಯಾಟಿಕ್ ಕೂತು ನಂಬರ್ ಓಡಾಡತ್ತೆ, ಗೀರೂ ಬೀಳತ್ತೆ. ಆಮೇಲೆ 4.01. ಅದೂ ಸೆಟ್ ಆದ್ಮೇಲೆ ತಿರುಗಿ 6.86ಕ್ಕೆ ಅದ್ದಿ ನೋಡಿ, 0.05 ಒಳಗೆ ಬಂದ್ರೆ ಸರಿ. 9.18 ನಮಗೆ ಬೇಡ, ಆ ಪ್ಯಾಕೆಟ್ ಒಡೀದೇ ಬಿಡಿ.

ಸ್ಕ್ರೂ ತಿರುಗಿಸೋ ಅಗ್ಗದ ಪೆನ್ನಾದ್ರೆ ಬಹಳಷ್ಟಕ್ಕೆ ಒಂದೇ ಸ್ಕ್ರೂ ಇರತ್ತೆ, ಸ್ಲೋಪ್ ಸರಿ ಮಾಡಕ್ಕೆ ಆಗಲ್ಲ. ಅಂಥದ್ದನ್ನ 6.86ಕ್ಕೆ ಕೂರಿಸಿ 4.01ರಲ್ಲಿ ಪರೀಕ್ಷೆ ಮಾಡಿ, 4.3 ದಾಟಿದ್ರೆ ನಾನಂತೂ ಆ ಪೆನ್ ನಂಬಲ್ಲ. ಸ್ಲೋಪ್ ಶೇಕಡಾದಲ್ಲಿ ತೋರಿಸೋ ಮೀಟರಲ್ಲಿ 95ರ ಮೇಲಿದ್ರೆ ಚೆನ್ನಾಗಿದೆ, 85ಕ್ಕಿಂತ ಇಳಿದ್ರೆ ಪ್ರೋಬ್ (ಬಲ್ಬು ಇರೋ ಭಾಗ) ತೊಳೀರಿ, ಆಗ್ಲೂ ಏರದಿದ್ರೆ ಬದಲಾಯಿಸಿ. ಲೋಟಕ್ಕೆ ಬಗ್ಗಿಸಿದ ಬಫರ್ ತಿರುಗಿ ಬಾಟ್ಲಿಗೆ ಹಾಕ್ಬೇಡಿ, ಎಷ್ಟೇ ಸ್ವಚ್ಛ ಕಂಡ್ರೂ ಚೆಲ್ಲಿಬಿಡಿ. ನಾನು ವಾರಕ್ಕೊಂದ್ಸಲ 4ರಲ್ಲಿ ಅದ್ದಿ ನೋಡ್ತೀನಿ, ತಪ್ಪಿದ್ರೆ ಅಥವಾ ತಿಂಗಳಾದ್ರೆ ಪೂರ್ತಿ ಸೆಟ್ ಮಾಡ್ತೀನಿ.

ಬೆಂಗಳೂರಿನಿಂದ: ಡಿಸ್ಟಿಲ್ಡ್ ವಾಟರ್ ಪಿಎಚ್ 7 ಅಂತ ಸ್ಕೂಲಲ್ಲಿ ಓದಿದೀವಿ. ನನ್ನ ಮೀಟರ್ ಅದ್ರಲ್ಲಿ ಒಂದ್ಸಲ 5.9, ಇನ್ನೊಂದ್ಸಲ 6.4 ತೋರಿಸತ್ತೆ. ವಾಪಸ್ ಕಳಿಸ್ಲಾ?

ಕಳಿಸ್ಬೇಡಿ, ಮೀಟರ್ ಚೆನ್ನಾಗೇ ಇರ್ಬೋದು. ಶುದ್ಧ ನೀರು ಗಾಳಿಗೆ ತೆರೆದಿಟ್ರೆ ಕಾರ್ಬನ್ ಡೈಆಕ್ಸೈಡ್ ಕುಡ್ಕೊಂಡು 5.6ರ ಹತ್ರ ಬರತ್ತೆ. ಅದೂ ಅಲ್ದೆ ಆ ನೀರಲ್ಲಿ ಅಯಾನುಗಳು, ಅಂದ್ರೆ ಕರೆಂಟ್ ಒಯ್ಯೋ ಕಣಗಳು, ಇಲ್ಲ ಅನ್ನೋವಷ್ಟು ಕಮ್ಮಿ, ಮೀಟರ್‌ಗೆ ಹಿಡ್ಕೊಳಕ್ಕೆ ಏನೂ ಸಿಗಲ್ಲ, ನಂಬರ್ ತೇಲಾಡತ್ತೆ. ಆರ್‌ಒ ನೀರಿಗೂ ಇದೇ ಮಾತು. ಹಂಗಾಗಿ ಆರ್‌ಒ ನೀರು ಬಳಸೋರು ಮೊದ್ಲು ಗೊಬ್ಬರ ಹಾಕಿ ಕಲಸಿ ಆಮೇಲೆ ಪಿಎಚ್ ನೋಡಿ, ಗೊಬ್ಬರ ಬಿದ್ಮೇಲೆ ಹೆಂಗೂ ಪಿಎಚ್ ಬದಲಾಗತ್ತೆ. ಮೀಟರ್ ಸರಿ ಇದ್ಯಾ ಅಂತ ಹೇಳಕ್ಕೆ ಬಫರ್ ಬಿಟ್ರೆ ಬೇರೆ ಸಾಕ್ಷಿ ಇಲ್ಲ.

ಹುಬ್ಬಳ್ಳಿಯಿಂದ: ನಮಸ್ಕಾರ್ರೀ ಮೇಡಂ. ನಮ್ಮದು ಬೋರ್‌ವೆಲ್ ನೀರ್ರಿ. ಸಂಜಿಕ ಆಸಿಡ್ ಹಾಕಿ 6ಕ್ಕ ತಂದಿಟ್ರ ಮುಂಜಾನಿ ನೋಡೂದ್ರಾಗ ಮತ್ತ 7.2 ತೋರಸ್ತದ್ರಿ. ಮೀಟರ್ ಕೆಟ್ಟದೇನ್ರಿ?

ಸರ್, ಮೊದ್ಲು 7, 4 ಎರಡೂ ಬಫರಲ್ಲಿ ನೋಡಿ. ಎರಡೂ ಸರಿ ಬಂದ್ರೆ ಮೀಟರ್ ನಿಜಾನೇ ಹೇಳ್ತಿದೆ. ಬೋರ್ ನೀರಲ್ಲಿ ಬೈಕಾರ್ಬೊನೇಟ್ ಬಹಳ ಇರತ್ತೆ, ಪಾತ್ರೆ ತಳಕ್ಕೆ ಬಿಳಿ ಗಟ್ಟಿ ಕಟ್ಟತ್ತಲ್ಲ, ಅದೇ ನೀರಿನ ಗುಣ. ಆಸಿಡ್ ಹಾಕಿದಾಗ ಅದು ಕಾರ್ಬನ್ ಡೈಆಕ್ಸೈಡ್ ಆಗಿ ನೀರಲ್ಲೇ ಕರಗಿ ನಿಲ್ಲತ್ತೆ, ರಾತ್ರಿಯೆಲ್ಲ ಏರ್ ಪಂಪ್ ಗುಳುಗುಳು ಅಂತ ಅದನ್ನ ಹೊರಗೆ ಓಡಿಸತ್ತೆ, ಪಿಎಚ್ ತಿರುಗಿ ಏರತ್ತೆ. ಅದಕ್ಕೆ ಬೋರ್ ನೀರನ್ನ ನೇರ ಟ್ಯಾಂಕಿಗೆ ಬಿಡ್ದೆ ಬೇರೆ ಡ್ರಮ್ಮಲ್ಲಿ ಆಸಿಡ್ ಹಾಕಿ ಏರ್ ಸ್ಟೋನ್ (ಗಾಳಿ ಗುಳ್ಳೆ ಬಿಡೋ ಕಲ್ಲು) ಬಿಟ್ಟು ಒಂದು ರಾತ್ರಿ ಇಡಿ, ಬೆಳಿಗ್ಗೆ ಮತ್ತೊಂಚೂರು ಹಾಕಿ ಸರಿ ಮಾಡಿ, ಆಮೇಲೆ ಟ್ಯಾಂಕಿಗೆ ಬಿಡಿ. ಮಳೆ ನೀರು ಹಿಡಿದಿಟ್ಟಿದ್ರೆ ಅರ್ಧಕ್ಕರ್ಧ ಬೆರೆಸಿ, ಆಸಿಡ್ ಖರ್ಚು ಎಷ್ಟು ಕಮ್ಮಿ ಆಗತ್ತೆ ನೋಡಿ.

ಇದೂ ಅಲ್ದೆ ಗಿಡ ನೈಟ್ರೇಟ್ ಕುಡಿದಾಗ ನೀರಿನ ಪಿಎಚ್ ತಾನಾಗೇ ಏರತ್ತೆ, ಅದು ಗಿಡ ಉಣ್ತಾ ಇದೆ ಅನ್ನೋ ಲಕ್ಷಣ. ದಿನಕ್ಕೆ 0.1, 0.2 ಏರಿದ್ರೆ ತಲೆ ಕೆಡಿಸ್ಕೊಬೇಡಿ, 5.6ರಿಂದ 6.4ರ ತನಕ ಓಡಾಡ್ಲಿ ಬಿಡಿ. ನಿಂಬೆಹಣ್ಣು, ವಿನೆಗರ್ ಹಾಕೋರಿದಾರೆ, ಅದನ್ನ ಸೂಕ್ಷ್ಮಜೀವಿಗಳು ತಿಂದು ಮುಗಿಸ್ತವೆ, ಎರಡೇ ದಿನಕ್ಕೆ ಪಿಎಚ್ ವಾಪಸ್. ಫಾಸ್ಫಾರಿಕ್ ಆಸಿಡ್ ವಾಸಿ. ಆದ್ರೆ ನೀರಿಗೆ ಆಸಿಡ್ ಹಾಕಿ, ಆಸಿಡ್‌ಗೆ ನೀರು ಹಾಕ್ಬೇಡಿ, ಗ್ಲೌಸ್ ಕನ್ನಡಕ ಇಲ್ದೆ ಮುಟ್ಬೇಡಿ, ತೆಳು ಮಾಡಿದ್ದನ್ನ ಕುಡಿಯೋ ನೀರಿನ ಬಾಟ್ಲೀಲಿ ದಯವಿಟ್ಟು ಇಡ್ಬೇಡಿ. ಮನೇಲಿ ಮಕ್ಕಳಿರ್ತಾರೆ.

ಉಡುಪಿಯಿಂದ: ಮಳೆಗಾಲ ಶುರುವಾದ ಮೇಲೆ ಟ್ಯಾಂಕಲ್ಲಿ ಅದ್ದಿದ್ರೆ ನಂಬರ್ ಕುಣಿಯತ್ತೆ, 5.4, 6.3, 5.9. ಲೋಟದಲ್ಲಿ ನೀರು ತಗೊಂಡು ಅದ್ದಿದ್ರೆ ಸ್ವಲ್ಪ ವಾಸಿ.

ನಿಮ್ಮ ಪ್ರಶ್ನೇಲೇ ಅರ್ಧ ಉತ್ತರ ಇದೆ. ಪಂಪ್ ಸ್ವಿಚ್ ಆಫ್ ಮಾಡಿ, ಪ್ಲಗ್ಗೂ ಕಿತ್ತು, ಅದೇ ಟ್ಯಾಂಕಲ್ಲಿ ಅದ್ದಿ ನೋಡಿ. ಕುಣಿತ ನಿಂತ್ರೆ ಮುಳುಗಿರೋ ಪಂಪಿಂದ ನೀರಿಗೆ ಕರೆಂಟ್ ಸೋರ್ತಿದೆ. ಇದು ಮೀಟರ್ ವಿಷಯ ಅಲ್ಲ, ಜೀವದ ವಿಷಯ. ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸಿ, ಪಂಪ್ ಬದಲಾಯಿಸಿ, ಅಲ್ಲಿ ತನಕ ಪಂಪ್ ಓಡ್ತಿರೋವಾಗ ಟ್ಯಾಂಕಿಗೆ ಕೈ ಹಾಕ್ಬೇಡಿ.

ಪಂಪ್ ಆಫ್ ಆದ್ರೂ ಕುಣಿದ್ರೆ ತೇವ. ಗಾಜಿನ ಬಲ್ಬು ಕೊಡೋ ಸಿಗ್ನಲ್ ಎಷ್ಟು ದುರ್ಬಲ ಅಂದ್ರೆ, ಮೊದ್ಲಿಗೆ ಅದನ್ನ ಅಳೆಯೋದೇ ದೊಡ್ಡ ತಲೆನೋವಾಗಿತ್ತು. 1934ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಿಂಬೆ ರಸದ ಹುಳಿ ಅಳೆಯಕ್ಕೆ ಆಗ್ತಿಲ್ಲ ಅಂತ ಹಣ್ಣು ಬೆಳೆಗಾರರ ಸಂಘದ ಕೆಮಿಸ್ಟ್ ಒಬ್ರು ಕೆಮಿಸ್ಟ್ರಿ ಪ್ರೊಫೆಸರ್ ಆರ್ನಾಲ್ಡ್ ಬೆಕ್ಮನ್ ಹತ್ರ ಬಂದ್ರು, ಬೆಕ್ಮನ್ ವ್ಯಾಕ್ಯೂಮ್ ಟ್ಯೂಬ್ (ಹಳೇ ರೇಡಿಯೋದಲ್ಲಿ ಇರ್ತಿತ್ತಲ್ಲ, ಆ ಗಾಜಿನ ವಾಲ್ವ್) ಹಾಕಿ ಆ ಸಣ್ಣ ಸಿಗ್ನಲನ್ನ ದೊಡ್ಡದು ಮಾಡಿ ಅಳೆಯೋ ಯಂತ್ರ ಕಟ್ಟಿದ್ರು. ಇವತ್ತಿನ ನಮ್ಮ ಪೆನ್ ಅದರದ್ದೇ ಮರಿ. ನಂಗೆ ಇದು ತುಂಬ ಖುಷಿ ಕೊಡೋ ವಿಷಯ, ಈ ಯಂತ್ರ ಹುಟ್ಟಿದ್ದೇ ಬೆಳೆಗಾರರ ಕೆಲಸಕ್ಕೆ. ಅಂಥ ಸಿಗ್ನಲ್ ಹೋಗೋ ದಾರೀಲಿ, ಕೇಬಲ್ ಸಿಕ್ಕಿಸೋ ಜಾಗದಲ್ಲಿ, ಪೆನ್ನಾದ್ರೆ ಬ್ಯಾಟರಿ ಮುಚ್ಚಳದೊಳಗೆ, ಒಂದು ತೆಳು ಪೊರೆ ತೇವ ಇದ್ರೂ ಸಾಕು ಲೆಕ್ಕ ತಪ್ಪತ್ತೆ. ಕನೆಕ್ಟರ್ ಬಿಚ್ಚಿ ಒಣಗಿಸಿ, ಹೊಸ ಸೆಲ್ ಹಾಕಿ, ಅಕ್ಕಿ ಡಬ್ಬಿ ಥರ ಗಟ್ಟಿ ಮುಚ್ಚಳದ ಡಬ್ಬೀಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮೀಟರ್ ಇಡಿ. ಬಲ್ಬಿನ ಕ್ಯಾಪ್ ಒಳಗೆ ಮಾತ್ರ ಒದ್ದೆ ಇರ್ಲೇಬೇಕು.

ದಾವಣಗೆರೆಯಿಂದ: ಕ್ಯಾಪ್ ಸುತ್ತ ಬಿಳಿ ಹರಳು ಬೆಳೆದಿದೆ. ಪ್ರೋಬ್ ಒಡೆದಿದ್ಯಾ?

ಇಲ್ಲ. ಅದು ಪ್ರೋಬ್, ಕ್ಯಾಪ್ ಒಳಗಿನ ದ್ರಾವಣದಲ್ಲಿರೋ ಪೊಟ್ಯಾಶಿಯಂ ಕ್ಲೋರೈಡ್ ಉಪ್ಪು, ಆರಿ ಹರಳಾಗಿದೆ. ತೊಳೆದ್ರೆ ಹೋಗತ್ತೆ, ಉಗುರಲ್ಲಿ ಕೆರೀಬೇಡಿ.

ಇನ್ನೊಬ್ರು, ಊರು ಬರೆದಿಲ್ಲ: ಇಸಿ ಮೀಟರ್‌ಗೂ (ನೀರಲ್ಲಿ ಗೊಬ್ಬರದ ಉಪ್ಪು ಎಷ್ಟಿದೆ ಅಂತ ಅಳೆಯೋದು) ಇದೇ ಬಫರ್ ಸಾಕಾ?

ಸಾಲದು. ಇಸಿಗೆ 1413 ಅಂತ ಬರೆದಿರೋ ದ್ರಾವಣ ಬೇರೆ ಸಿಗತ್ತೆ. ಇಸಿ ಪ್ರೋಬನ್ನ ಒಣಗಿಸಿಟ್ರೂ ತೊಂದ್ರೆ ಇಲ್ಲ. ಎರಡೂ ಸೇರಿರೋ ಕಾಂಬೊ ಮೀಟರಾದ್ರೆ ಪಿಎಚ್ ಬಲ್ಬಿನ ನಿಯಮನೇ ಪಾಲಿಸಿ.

ಶಿವಮೊಗ್ಗದಿಂದ, ನಿವೃತ್ತ ಟೀಚರ್: ಮಗಳ ಬಾಣಂತನಕ್ಕೆ ಅಂತ ಮೂರು ತಿಂಗಳು ಊರಲ್ಲಿರ್ಲಿಲ್ಲ. ಹೋಗೋ ಮುಂಚೆ ಮೀಟರನ್ನ ಚೆನ್ನಾಗಿ ತೊಳೆದು ಒರೆಸಿ ಡಬ್ಬೀಲಿಟ್ಟು ಹೋಗಿದ್ದೆ. ಈಗ ಏನು ಮಾಡಿದ್ರೂ 7ರ ಹತ್ರಾನೇ ನಿಂತಿದೆ. ಎಸೀಬೇಕಾ?

ಟೀಚರ್, ಎಸೀಬೇಡಿ, ಒಂದು ಪ್ರಯತ್ನ ಮಾಡೋಣ. ಬೇರೆ ಸಾಮಾನನ್ನೆಲ್ಲ ತೊಳೆದು ಒಣಗಿಸಿ ಇಟ್ರೆ ಬಾಳಿಕೆ, ಇದೊಂದು ಮಾತ್ರ ಉಲ್ಟಾ. ಬಲ್ಬಿನ ಗಾಜಿನ ಮೇಲೆ ನೀರು ಕುಡಿದು ಮೆತ್ತಗಾದ ಒಂದು ಪದರ ಇರತ್ತೆ, ಕಣ್ಣಿಗೆ ಕಾಣಲ್ಲ, ಅಳೆಯೋದೆಲ್ಲ ಆ ಪದರನೇ. ಅದು ಒಣಗಿದ್ರೆ ಬಲ್ಬು ಮರಗಟ್ಟತ್ತೆ. ಹಂಗಂತ ಬರೀ ನೀರಲ್ಲಿಡೋದೂ ತಪ್ಪು, ಡಿಸ್ಟಿಲ್ಡ್, ಆರ್‌ಒ ನೀರಲ್ಲಿ ಇಟ್ರೆ ಪ್ರೋಬ್ ಒಳಗಿನ ಉಪ್ಪು ಆಚೆ ಬಂದುಬಿಡತ್ತೆ. ಅದಕ್ಕೇ ಸ್ಟೋರೇಜ್ ಸೊಲ್ಯೂಶನ್ ಅಂತ ಇರೋದು, 3 ಮೋಲಾರ್ ಪೊಟ್ಯಾಶಿಯಂ ಕ್ಲೋರೈಡ್. ಲ್ಯಾಬ್ ಕೆಮಿಕಲ್ ಅಂಗಡೀಲಿ ಶುದ್ಧವಾದ ಪೊಟ್ಯಾಶಿಯಂ ಕ್ಲೋರೈಡ್ ಸಿಕ್ಕಿದ್ರೆ 22.4 ಗ್ರಾಂ ತಗೊಂಡು ಡಿಸ್ಟಿಲ್ಡ್ ವಾಟರಲ್ಲಿ ಕರಗಿಸಿ ಒಟ್ಟು 100 ಎಂಎಲ್ ಮಾಡಿ, ಅಷ್ಟೇ. ಗೊಬ್ಬರದಂಗಡಿ ಪೊಟ್ಯಾಶ್ ಕೂಡ ಅದೇ ಉಪ್ಪು ಅಂತ ಕೆಂಪು ಪೊಟ್ಯಾಶ್ ಹಾಕ್ಬೇಡಿ, ಅದ್ರಲ್ಲಿರೋ ಕಸ ಪ್ರೋಬಿನ ರಂಧ್ರ ಕಟ್ಟಿಸತ್ತೆ.

ಮೊದ್ಲು ಬಲ್ಬನ್ನ ಬೆಳಕಿಗೆ ಹಿಡಿದು ನೋಡಿ. ಸೀಳು ಕಂಡ್ರೆ ಅಲ್ಲಿಗೆ ಮುಗೀತು, ಸೀಳಿದ ಬಲ್ಬು ಏನಕ್ಕೆ ಅದ್ದಿದ್ರೂ 7ರ ಹತ್ರಾನೇ ತೋರಿಸತ್ತೆ, ನಿಮ್ದು ಅದಾಗಿರ್ದೇ ಇರ್ಲಿ. ಸೀಳಿಲ್ಲ ಅಂದ್ರೆ ಬಿಳಿ ಮಚ್ಚೆ ಇದ್ಯಾ ನೋಡಿ, ಇದ್ರೆ ಬಿಳಿ ವಿನೆಗರಲ್ಲಿ ಐದು ನಿಮಿಷ ಅದ್ದಿ ತೊಳೀರಿ. ಜಿಡ್ಡು, ಪಾಚಿ ಇದ್ರೆ ಪಾತ್ರೆ ತೊಳೆಯೋ ಲಿಕ್ವಿಡ್ ಎರಡು ಹನಿ ಹಾಕಿದ ಉಗುರುಬೆಚ್ಚಗಿನ ನೀರಲ್ಲಿ ಹತ್ತು ನಿಮಿಷ ಇಟ್ಟು ಜಾಲಿಸಿ. ಆಮೇಲೆ ಸ್ಟೋರೇಜ್ ಸೊಲ್ಯೂಶನಲ್ಲಿ ಒಂದು ಪೂರ್ತಿ ರಾತ್ರಿ ನೆನೆಸಿ. ಕಡ್ಲೆ ನೆನೆಸಿದಂಗೆ ಅಂದ್ಕೊಳಿ, ಅವಸರ ಮಾಡಿದ್ರೆ ಒಳಗೆ ಮೆತ್ತಗಾಗಲ್ಲ. ಬೆಳಿಗ್ಗೆ 7, 4ರಲ್ಲಿ ಅದ್ದಿ ಬರೆದಿಡಿ. 4ರಲ್ಲಿ ನಂಬರ್ ಕೆಳಗಿಳೀತಾ ಬಂದಿದ್ರೆ ಬಲ್ಬಿಗೆ ಜೀವ ಬರ್ತಿದೆ ಅಂತ, ಇನ್ನೊಂದು ರಾತ್ರಿ ನೆನೆಸಿ, ಆಮೇಲೆ ಸೆಟ್ ಮಾಡಿ. ಎರಡು ರಾತ್ರಿ ಆದ್ರೂ ಅಲ್ಲಾಡದಿದ್ರೆ ಹೊಸದು ತಗೊಳಿ. ಎಷ್ಟೇ ಚೆನ್ನಾಗಿ ನೋಡ್ಕೊಂಡ್ರೂ ಒಂದೆರಡು ವರ್ಷಕ್ಕೆ ಬಲ್ಬು ಮುದಿಯಾಗತ್ತೆ, ಪ್ರೋಬ್ ಮಾತ್ರ ಬಿಚ್ಚಿ ಬದಲಾಯಿಸೋ ಥರದ್ದು ಸಿಕ್ಕಿದ್ರೆ ಅದೇ ವಾಸಿ.

ಮುಂದಿನ ಸಲ ಊರಿಗೆ ಹೋಗುವಾಗ ಕ್ಯಾಪ್ ಒಳಗಿನ ಸ್ಪಂಜಿಗೆ ಆ ದ್ರಾವಣ ನಾಲ್ಕೈದು ಹನಿ ಹಾಕಿ, ಕ್ಯಾಪ್ ಗಟ್ಟಿ ಮಾಡಿ, ಬಲ್ಬು ಕೆಳಗಿರೋ ಹಾಗೆ ಲೋಟದಲ್ಲಿ ನಿಲ್ಲಿಸಿ ನೆರಳಲ್ಲಿಡಿ, ಸೆಲ್ ತೆಗೆದಿಡಿ. ದ್ರಾವಣ ಇಲ್ದೇ ಹೋದ್ರೆ ತಾತ್ಕಾಲಿಕಕ್ಕೆ 4ರ ಬಫರ್ ಆದ್ರೂ ಹಾಕಿ. ಮೂರು ತಿಂಗಳಂದ್ರೆ ಮಧ್ಯೆ ಆರತ್ತೆ, ಪಕ್ಕದ ಮನೆಯವ್ರಿಗೆ ಗಿಡಕ್ಕೆ ನೀರು ನೋಡ್ಕೊಳಿ ಅಂತ ಹೇಳ್ತೀವಲ್ಲ, ಹಂಗೇ ತಿಂಗಳಿಗೊಂದ್ಸಲ ಕ್ಯಾಪ್ ತೆಗೆದು ಎರಡು ಹನಿ ಹಾಕಕ್ಕೂ ಹೇಳಿ ಹೋಗಿ. ಮೊಮ್ಮಗುಗೆ ನನ್ನ ಆಶೀರ್ವಾದ ಹೇಳಿ, ಎರಡು ರಾತ್ರಿ ನೆನೆಸಿದ ಮೇಲೆ 4ರಲ್ಲಿ ಎಷ್ಟು ಬಂತು ಅಂತ ಬರೀರಿ.